ಹಗಲಿನ ಊರು ಕಂಡ ಮಕ್ಕಳು

ಬೆಳಗ್ಗೆ ಏಳೂವರೆ ಹೊತ್ತಿಗೆ ವೈಟ್‌ಫೀಲ್ಡಿನ ಹೋಪ್‌ಫಾರಂ ಸರ್ಕಲ್ಲು ಪೂರ್ತಿ ಹಳದಿ. ಕಾಡುಗೋಡಿ, ಚನ್ನಸಂದ್ರ, ಇಮ್ಮಡಿಹಳ್ಳಿ, ವರ್ತೂರುಗಳ ಕಡೆಯಿಂದ ಬಂದ ಶಾಲಾ ಬಸ್ಸುಗಳು ಒಂದರ ಹಿಂದೊಂದು ಮೂತಿ ತೂರಿಸಿ ನಿಂತಿರುತ್ತವೆ. ಒಳಗೆ ಕಿಟಕಿಗೆ ತಲೆ ಆನಿಸಿ ಉಳಿದ ನಿದ್ದೆ ಮುಗಿಸುತ್ತಿರುವ ಮಕ್ಕಳು, ಕುತ್ತಿಗೆಯಲ್ಲಿ ಟ್ಯಾಗು. ಒಂಬತ್ತರ ಮೇಲೆ ಅದೇ ಸರ್ಕಲ್ಲಿನಲ್ಲಿ ಆ ಮಕ್ಕಳ ಅಪ್ಪ-ಅಮ್ಮಂದಿರು. ಅವರ ಕುತ್ತಿಗೆಯಲ್ಲೂ ಟ್ಯಾಗು. ಹತ್ತೂವರೆ ದಾಟಿತೆಂದರೆ ಅಪಾರ್ಟ್‌ಮೆಂಟುಗಳು ಬರಿದು. ಗೇಟಿನ ಸೆಕ್ಯೂರಿಟಿ, ಒಂದು ಮನೆಯ ಪಾತ್ರೆ ತಿಕ್ಕಿ ಇನ್ನೊಂದು ಮನೆಗೆ ಓಡುವ ಹೆಂಗಸರು, ಬಿಸಿಲಿಗೆ ಬೆನ್ನು ಕೊಟ್ಟು ಕೂತ ಅಜ್ಜ-ಅಜ್ಜಿಯರು, ಸೊಪ್ಪಿನ ಗಾಡಿಯವನು, ಪಾರ್ಸೆಲ್ ಹೊತ್ತ ಹುಡುಗರು, ಆಗ ಊರು ಇವರದು. ಈ ಹಗಲಿನ ಊರನ್ನು ಇಲ್ಲಿನ ಬಹುಪಾಲು ಮಕ್ಕಳು ಕಂಡೇ ಇಲ್ಲ. ಅವರಿಗೆ ಗೊತ್ತಿರುವುದು ಬೆಳಗಿನ ಊರು, ಸಂಜೆಯ ಊರು, ಭಾನುವಾರದ ಮಾಲು.

ಕಾಡುಗೋಡಿಯ ಗಲ್ಲಿಯೊಂದರ ಎರಡನೇ ಮಹಡಿಯಲ್ಲಿರುವ ಇಬ್ಬರು ಮಕ್ಕಳಿಗೆ ಆ ಹಗಲಿನ ಊರೇ ಪಾಠ. ಅಕ್ಕನಿಗೆ ಎಂಟು, ತಮ್ಮನಿಗೆ ಐದು. ಒಂದನೇ ತರಗತಿಯಲ್ಲಿ ಅಕ್ಕನಿಗೆ ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಒಂದು ಗಂಟೆ ಬಸ್ಸಿನಲ್ಲೇ ಕಳೆಯುತ್ತಿತ್ತು. ಮನೆಗೆ ಬಂದವಳು ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು. ಅಮ್ಮ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಬಿಟ್ಟಳು, ಮಗಳು ಶಾಲೆ ಬಿಟ್ಟಳು. ಅಪ್ಪ ಐಟಿಪಿಎಲ್ ಕಡೆಯ ಕಂಪನಿಯಲ್ಲಿ ಉಳಿದುಕೊಂಡ. ಮಾಲೂರು ಸೀಮೆಯಿಂದ ಅಜ್ಜಿ ಬಂದರು. ತಮ್ಮ ಇನ್ನೂ ಶಾಲೆಯ ಮೆಟ್ಟಿಲು ಹತ್ತಿಲ್ಲ.

ಮಾಗಿಯ ಚಳಿ. ನಡುಮನೆಯ ನೆಲದಲ್ಲಿ ಒಂದು ಮೊರ, ಮೊರದ ತುಂಬ ಸೊಗಡಿನ ಅವರೆಕಾಯಿ. ಬಿಡಿಸುತ್ತಿರುವ ಅಜ್ಜಿಯ ಎದುರು ಕಾಳುಗಳನ್ನು ತಮ್ಮ ಹತ್ತತ್ತರ ಗುಡ್ಡೆ ಮಾಡುತ್ತಾನೆ. ಏಳು ಗುಡ್ಡೆ, ಮೇಲೆ ನಾಲ್ಕು. ಒಂದು ಕಾಯಿ ಸೀಳಿದಾಗ ಒಳಗಿಂದ ಹಸಿರು ಹುಳು ಮೈ ಮುರಿಯುತ್ತದೆ. ಎಣಿಕೆ ಅಲ್ಲಿಗೇ ನಿಂತಿತು. “ಕಾಯಿಗೆ ತೂತೇ ಇಲ್ವಲ್ಲ, ಒಳಗೆ ಹೆಂಗ್ ಹೋಯ್ತು?” ಅಜ್ಜಿಗೆ ಇದು ಅರುವತ್ತು ವರ್ಷದಿಂದ ಕಂಡ ಹುಳು, ಆದರೆ ಈ ಪ್ರಶ್ನೆ ಅವರಿಗೂ ಹೊಸದು. ಅಮ್ಮ ಬಂದು ನೋಡುತ್ತಾಳೆ. ಮೂವರೂ ಸೇರಿ ಪುಸ್ತಕ ತಿರುವುತ್ತಾರೆ. ಇದು ಕಾಯಿಕೊರಕ; ತಾಯಿಪತಂಗ ಹೂವು, ಎಳೆಕಾಯಿಗಳ ಮೇಲೆ ಮೊಟ್ಟೆ ಇಡುತ್ತದೆ; ಕಣ್ಣಿಗೆ ಬೀಳದಷ್ಟು ಸಣ್ಣ ಮರಿಹುಳು ಕೊರೆದು ಒಳಗೆ ಸೇರುತ್ತದೆ; ಬಲಿತ ಮೇಲೆ ಮಣ್ಣಿಗಿಳಿದು ಕೋಶವಾಗುತ್ತದೆ. ಕೂಡಲೇ ಒಂದು ಗಾಜಿನ ಬಾಟಲಿ, ಅದಕ್ಕೆ ಹಿಡಿ ಮಣ್ಣು, ಮೇಲೆರಡು ಕಾಯಿ, ಬಾಯಿಗೆ ತೆಳುಬಟ್ಟೆ. “ಹಿತುಕಿದ ಬೇಳೆ ಸಾರಿಗೆ ಕಾಳು ಸಾಲಲ್ಲ, ನಿಮ್ಮ ಹುಳಾನೇ ಉಣ್ಣಿ” ಎಂದು ಅಜ್ಜಿ ಮೊರ ತಮ್ಮತ್ತ ಎಳೆದುಕೊಳ್ಳುತ್ತಾರೆ.

ಹನ್ನೊಂದಕ್ಕೆ ಪುಸ್ತಕದ ಪಾಠ, ಹೆಚ್ಚೆಂದರೆ ಒಂದೂವರೆ ಗಂಟೆ. ಓದುವುದು ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳನ್ನೇ. ತಮ್ಮನಿಗೆ ಅಕ್ಷರ ಕಲಿಸಲು ಅಮ್ಮ ಹಿಡಿದಿರುವುದು ಸರ್ಕಾರಿ ಕನ್ನಡ ಶಾಲೆಗಳ ನಲಿ-ಕಲಿ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಕಲಿಕಾ ಏಣಿಯಲ್ಲಿ ಒಬ್ಬೊಬ್ಬರು ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಮೆಟ್ಟಿಲು ಹತ್ತುತ್ತಾರೆ. ಅಕ್ಷರಗಳನ್ನು ಅ-ಆ ಎಂಬ ಸಾಲಿನಲ್ಲಿ ಕಲಿಸದೆ, ಬೇಗ ಪದ ಕಟ್ಟಲು ಬರುವಂಥವನ್ನು ಮೊದಲು ಕೊಡುತ್ತಾರೆ. ಹೋಮ್‌ಸ್ಕೂಲಿಂಗ್ ಮಾಡುವ ಪೋಷಕರು ವಿದೇಶಿ ಪುಸ್ತಕಗಳಲ್ಲಿ ಹುಡುಕುವ ಸಂಗತಿ ಎಚ್.ಡಿ. ಕೋಟೆಯ ಹಾಡಿ ಪಕ್ಕದ ಶಾಲೆಗಳಲ್ಲಿ ಆಗಲೇ ಇತ್ತು.

ಬೀದಿಯಲ್ಲಿ ಟ್ಯಾಂಕರಿನ ಹಾರನ್ನು. ಗಣಿತ ಮಹಡಿ ಇಳಿಯುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಊರು ಕಂಗೆಟ್ಟಾಗ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಗೊತ್ತುಪಡಿಸಿತ್ತು. ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000. ಅಕ್ಕನ ನೋಟುಬುಕ್ಕಿನಲ್ಲಿ ಆ ಮೂರು ಸಾಲು ಇನ್ನೂ ಇವೆ. ಪಕ್ಕದಲ್ಲಿ ಅಮ್ಮನ ಜೊತೆ ಕೂತು ಭಾಗಿಸಿದ್ದು: ಲೀಟರಿಗೆ ಹತ್ತು ಪೈಸೆ, ಒಂಬತ್ತಕ್ಕೆ ಸ್ವಲ್ಪ ಕಮ್ಮಿ, ಎಂಟಕ್ಕೆ ಸ್ವಲ್ಪ ಜಾಸ್ತಿ. ಅದರ ಕೆಳಗೆ, ಇಪ್ಪತ್ತು ಲೀಟರಿನ ಕ್ಯಾನು ಮೂವತ್ತು ರೂಪಾಯಿಯಾದರೆ ಲೀಟರಿಗೆ ಒಂದೂವರೆ ರೂಪಾಯಿ. “ದೊಡ್ಡ ಸಂಪು ಇರೋರಿಗೆ ನೀರು ಅಗ್ಗ. ಸಂಪೇ ಇಲ್ದೋರಿಗೆ ಎಲ್ಲಕ್ಕಿಂತ ದುಬಾರಿ” ಎಂದು ಅವಳೇ ಬರೆದಿದ್ದಾಳೆ. ಭಾಗಾಕಾರದ ಉತ್ತರಕ್ಕೆ ಹೀಗೊಂದು ಷರಾ ಬರೆಯಬಹುದೆಂದು ಯಾವ ವರ್ಕ್‌ಶೀಟೂ ಹೇಳುವುದಿಲ್ಲ.

ಮಧ್ಯಾಹ್ನದ ಬೀದಿಯಲ್ಲಿ ಈ ಇಬ್ಬರನ್ನು ಎಲ್ಲರೂ ಬಲ್ಲರು. ಪಂಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಎದ್ದ ಜಾಗ ಹುಡುಕುವ ಕೆಲಸ ತಮ್ಮನಿಗೇ ಬಿಡುತ್ತಾನೆ. ಟೈಲರಮ್ಮನ ಟೇಪು ಅಕ್ಕನ ಕೈಯಲ್ಲಿ. ಅಂಗಡಿ ಬೋರ್ಡುಗಳಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆ ತಿದ್ದುಪಡಿಯಾದಾಗಿನಿಂದ ಹೊಸ ಬೋರ್ಡು ಕಂಡಲ್ಲೆಲ್ಲ ಅವಳು ಕಣ್ಣಳತೆ ಹಾಕುತ್ತಾಳೆ. “ಇದು ಅರ್ಧವೂ ಇಲ್ಲ” ಎಂಬ ತೀರ್ಪು ಕೇಳಿ ಬೇಕರಿಯವರು ಬನ್ನು ಕೊಟ್ಟು ಸಾಗಹಾಕುತ್ತಾರೆ. ಆದರೆ ಬೇಕರಿ, ಮೆಡಿಕಲ್ ಸ್ಟೋರು, ಲಿಫ್ಟು, ಎಲ್ಲಿ ಹೋದರೂ ಮೊದಲ ಮಾತು ಒಂದೇ: “ಇವತ್ತು ರಜಾನಾ? ಯಾವ ಸ್ಕೂಲು ಪುಟ್ಟಾ?” ತಮ್ಮ ಎದೆಯುಬ್ಬಿಸಿ “ಮನೆ” ಎನ್ನುತ್ತಾನೆ. ಕೇಳಿದವರು ಅಮ್ಮನ ಮುಖ ನೋಡುತ್ತಾರೆ.

ಆ ನೋಟದೊಳಗಿನ ಪ್ರಶ್ನೆಗೆ ಕಾನೂನಿನಲ್ಲೂ ನೇರ ಉತ್ತರವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದು ಹೇಳುತ್ತದೆ; ಸೇರಿಸದ ಪೋಷಕರಿಗೆ ದಂಡವನ್ನು ಮಾತ್ರ ಹೇಳುವುದಿಲ್ಲ. ಮನೆಯಲ್ಲಿ ಕಲಿಸಬಹುದೆಂದಾಗಲಿ ಕೂಡದೆಂದಾಗಲಿ ಬಾಯಿಬಿಟ್ಟು ನುಡಿಯುವುದಿಲ್ಲ. ಈ ಪ್ರಶ್ನೆ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದಾಗ ಕೇಂದ್ರ ಸರ್ಕಾರ 2012ರಲ್ಲಿ ಅಡ್ಡಿಯಿಲ್ಲ ಎಂಬ ಅರ್ಥದ ಪ್ರಮಾಣಪತ್ರ ಕೊಟ್ಟು, ಆಮೇಲೆ ಆ ಮಾತಿನಿಂದ ಹಿಂದೆ ಸರಿಯಿತು. ಹೀಗಾಗಿ ಮನೆಯಲ್ಲೇ ಕಲಿಸುವ ಕುಟುಂಬಗಳು ಕಣ್ಣಿಟ್ಟಿರುವುದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೇಲೆ. ಹದಿನಾಲ್ಕು ತುಂಬಿದ ಮಗು ಅಲ್ಲಿ ನೇರವಾಗಿ ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ಅಲ್ಲಿಯವರೆಗೆ ಮಾರ್ಕ್ಸ್ ಕಾರ್ಡಿಲ್ಲ, ಟಿಸಿ ಇಲ್ಲ, ಶಾಲಾ ದಾಖಲೆಯ ಸ್ಯಾಟ್ಸ್ ನಂಬರಿಲ್ಲ.

ಇತಿಹಾಸದ ಪಾಠಕ್ಕೆ ನಡುಮನೆಯ ಗೋಡೆಗೆ ಉದ್ದಕ್ಕೂ ಒಂದು ದಾರ ಕಟ್ಟಿದೆ. ನೂರು ವರ್ಷಕ್ಕೆ ಒಂದು ಗೇಣು. ಎಡತುದಿಯ ಗಂಟು ಸುಮಾರು 890. ಎಲೆಕ್ಟ್ರಾನಿಕ್ ಸಿಟಿಯ ದಾರಿಯ ಬೇಗೂರಿನಲ್ಲಿ, ನಾಗೇಶ್ವರ ದೇವಾಲಯದ ಗಂಗರ ಕಾಲದ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರು ಕೆತ್ತಿರುವ ಕಾಲ ಅದು. ಒಂದೂವರೆ ಗೇಣು ಬಲಕ್ಕೆ ಇನ್ನೊಂದು ಗಂಟು, 1043. ಅದು ಮನೆಯ ಮಗ್ಗುಲಿನದೇ ಸುದ್ದಿ. ರಾಜೇಂದ್ರ ಚೋಳನ ಕಾಲದ ತಮಿಳು ಶಾಸನದ ಪ್ರಕಾರ, ರಾಜರಾಜವೇಳನ್ ಎಂಬ ನಾಯಕ ಪಟ್ಟಂದೂರು ಕೆರೆಯನ್ನು ಕಟ್ಟಿಸಿ, ತೂಬು ಇಡಿಸಿದ. ಕೆರೆ ನೋಡಲು ಹೋದ ದಿನ ತಮ್ಮ “ಕೆರೆ ಕಟ್ಟೋದಾ? ಅದು ಇರೋದಲ್ವಾ?” ಎಂದಿದ್ದ. ಏರಿ, ತೂಬು, ಕೋಡಿ ಎಂದರೇನೆಂದು ತಿಳಿಸಲು ಮಣ್ಣಿನಲ್ಲೇ ಒಂದು ಕೆರೆ ಕಟ್ಟಿ ಬಾಟಲಿ ನೀರು ಸುರಿಯಬೇಕಾಯಿತು. ಇನ್ನೂ ಬಲಕ್ಕೆ 1882ರ ಗಂಟು: ಆಂಗ್ಲೋ-ಇಂಡಿಯನ್ನರ ನೆಲೆಗೆಂದು ಹತ್ತನೇ ಚಾಮರಾಜ ಒಡೆಯರು ಸುಮಾರು 3,900 ಎಕರೆ ಕೊಟ್ಟು, ಡಿ.ಎಸ್. ವೈಟ್ ಹೆಸರಿನಲ್ಲಿ ವೈಟ್‌ಫೀಲ್ಡ್ ಹುಟ್ಟಿದ್ದು. ಹನ್ನೊಂದು ಗೇಣು ದಾಟಿದ ಆ ದಾರದಲ್ಲಿ ಟೆಕ್ ಪಾರ್ಕುಗಳ ಪಾಲು ಮೂರು ಬೆರಳಗಲ. ಐಟಿ ಊರೆಂದು ಕರೆಸಿಕೊಳ್ಳುವ ಊರಿನ ವಯಸ್ಸನ್ನು ಆ ಮಕ್ಕಳು ಬೆರಳಿಟ್ಟು ತೋರಿಸಬಲ್ಲರು.

ವಾರಕ್ಕೊಂದು ದಿನ ಮೆಟ್ರೊ. 2023ರಲ್ಲಿ ನೇರಳೆ ಮಾರ್ಗ ಕಾಡುಗೋಡಿವರೆಗೆ ಬಂದ ಮೇಲೆ ಕಬ್ಬನ್ ಪಾರ್ಕು ಇವರಿಗೆ ಹಿತ್ತಲಾಗಿದೆ. ನಿಲ್ದಾಣಗಳ ಹೆಸರು ಓದುತ್ತ ಓದುತ್ತ ತಮ್ಮನಿಗೆ ಒತ್ತಕ್ಷರ ಬಂತು. ಪಟ್ಟಂದೂರು ಅಗ್ರಹಾರದ ಟ-ಒತ್ತು, ಬೆನ್ನಿಗಾನಹಳ್ಳಿಯ ನ-ಒತ್ತು. ಕಬ್ಬನ್ ಪಾರ್ಕಿನ ಮಕ್ಕಳ ಗ್ರಂಥಾಲಯದಲ್ಲಿ ಒಂದಿಷ್ಟು ಹೊತ್ತು, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಯಂತ್ರಗಳ ಮುಂದೆ ಇನ್ನಷ್ಟು ಹೊತ್ತು. ಇವರಂಥದೇ ಬೇರೆ ಕುಟುಂಬಗಳೂ ಬಂದರೆ ಬುತ್ತಿ ಬಿಚ್ಚಿ ಹುಲ್ಲಿನ ಮೇಲೆ ಕೂರುತ್ತಾರೆ. ಮೂರು ವರ್ಷದವರಿಂದ ಹದಿಮೂರರವರೆಗಿನ ಮಕ್ಕಳು ಒಂದೇ ಆಟ ಆಡುತ್ತಾರೆ.

ಕನ್ನಡಕ್ಕೆ ಈ ಬಗೆಯ ಕಲಿಕೆ ಹೊಸದೇನಲ್ಲ. ಪುತ್ತೂರಿನಲ್ಲಿ ಬಾಲವನ ಕಟ್ಟಿದ ಶಿವರಾಮ ಕಾರಂತರು ತಮ್ಮ ಮಕ್ಕಳ ಮೊದಲ ವರ್ಷಗಳ ಕಲಿಕೆಯನ್ನು ಮನೆಯಲ್ಲೇ ನಡೆಸಿದರು. ಅದಕ್ಕೂ ಮೊದಲೇ, ಊರ ಮಕ್ಕಳಿಗೆಲ್ಲ ಆಗಲೆಂದು 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ತಂದರು. ಮನೆಯಲ್ಲಿ ಕಲಿತ ಮಗ ಉಲ್ಲಾಸ ಕಾರಂತರು ಹುಲಿಗಳ ವಿಜ್ಞಾನಿಯಾದರು. ಮಗಳು ಮಾಳವಿಕಾ ಕಪೂರ್ ಮಕ್ಕಳ ಮನಃಶಾಸ್ತ್ರಜ್ಞೆಯಾದರು. ಆದರೆ ಅವರ ಮನೆಯ ಸುತ್ತ ಗುಡ್ಡವಿತ್ತು, ಮರಗಳಿದ್ದವು, ಬಂದುಹೋಗುವ ಕಲಾವಿದರಿದ್ದರು. ಕಾಡುಗೋಡಿಯ ಎರಡನೇ ಮಹಡಿಯಲ್ಲಿ ಅಷ್ಟನ್ನೂ ಒಬ್ಬಳೇ ಹೆಂಗಸು ಒದಗಿಸಬೇಕು.

ಅದರ ಬೆಲೆ ಸಣ್ಣದಲ್ಲ. ಒಂದು ಸಂಬಳ ಹೋಯಿತು. ಅಮ್ಮನಿಗೆ ಭಾನುವಾರವೂ ಭಾನುವಾರವಲ್ಲ. ಜ್ವರ ಬಂದರೆ ಬದಲಿ ಟೀಚರಿಲ್ಲ. ಮಗ್ಗಿಯ ದಿನ ಅಕ್ಕ ಅತ್ತರೆ ಗದರಿದ ಟೀಚರೂ ಅಮ್ಮನೇ, ಸಮಾಧಾನ ಮಾಡಬೇಕಾದ ಅಮ್ಮನೂ ಅವಳೇ. ನಾಲ್ಕು ಗಂಟೆಗೆ ಹಳದಿ ಬಸ್ಸು ಬರುವವರೆಗೆ ಗೆಳೆಯರಿಲ್ಲ. ಬಂದ ಮೇಲೆ ಅವರಿಗೆ ಟ್ಯೂಷನ್ನು, ಸ್ಕೇಟಿಂಗು. ಆನ್ಯುಯಲ್ ಡೇ ಡ್ಯಾನ್ಸಿನ ಮಾತು ಬಂದಾಗ ಅಕ್ಕ ಸುಮ್ಮನಾಗುತ್ತಾಳೆ. “ನಾಲ್ಕು ಮಕ್ಕಳ ಜೊತೆ ಜಗಳ ಆಡ್ದೇ ಹೋದ್ರೆ ಮಗ ಜಾಣ ಆಗೋದ್ ಹೆಂಗೆ?” ಎಂಬ ಅಜ್ಜಿಯ ಮಾತಿಗೆ ಆ ಮನೆಯಲ್ಲಿ ಯಾರೂ ಇನ್ನೂ ಸರಿಯಾದ ಜವಾಬು ಕೊಟ್ಟಿಲ್ಲ. ಅಕ್ಕ ಕೇಳಿದರೆ ಮುಂದಿನ ಜೂನಿನಲ್ಲಿ ಶಾಲೆಗೆ ಕಳಿಸುವುದೆಂದು ಅಪ್ಪ-ಅಮ್ಮ ಮಾತಾಡಿಕೊಂಡಿದ್ದಾರೆ. ಆ ಬಾಗಿಲು ಅವರಿಗೆ ತೆರೆದೇ ಇದೆ.

ಹಗಲಿನ ಬೀದಿಯಲ್ಲಿ ಇವರಿಬ್ಬರ ಹೊರತಾಗಿ ಬೇರೆ ಮಕ್ಕಳೂ ಕಾಣುತ್ತಾರೆ. ಏಳುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡುಗಳ ಮುಂದೆ, ಜಲ್ಲಿ ರಾಶಿಯ ಮೇಲೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ, ಒಡಿಶಾ, ಬಂಗಾಳಗಳಿಂದ ಕೆಲಸಕ್ಕೆ ಬಂದವರ ಮಕ್ಕಳು. ಎಂಟು ವರ್ಷದ ಹುಡುಗಿಯ ಸೊಂಟದಲ್ಲಿ ಒಂದು ವರ್ಷದ ಕೂಸು. ಅವರಿಗೂ ಪ್ರಶ್ನೆಗಳಿವೆ, ಕೈಕೆಲಸ ಗೊತ್ತು; ಮೂರು ಭಾಷೆ ಮಾತಾಡುವ ಹುಡುಗನೂ ಅಲ್ಲಿದ್ದಾನೆ. ಅವರನ್ನು ಯಾರೂ “ಯಾವ ಸ್ಕೂಲು ಪುಟ್ಟಾ” ಎಂದು ಕೇಳುವುದಿಲ್ಲ. ಒಂದು ದಿನ ಸೊಪ್ಪು ತರಲು ಹೋದಾಗ ಅಕ್ಕ ಅಮ್ಮನ ಸೆರಗೆಳೆದು ಕೇಳಿದಳು, “ಅವರೂ ಹೋಮ್‌ಸ್ಕೂಲಾ?”

ಅಲ್ಲ. ಒಂದು ಮನೆಯಲ್ಲಿ ಶಾಲೆ ಬೇಡವೆಂದದ್ದು ದೊಡ್ಡವರ ಬಿಡುವು, ಪುಸ್ತಕ, ಮೆಟ್ರೊ ಕಾರ್ಡು, ಬೇಕಾದಾಗ ಮರಳುವ ದಾರಿ ಎಲ್ಲವನ್ನೂ ಕೈಯಲ್ಲಿಟ್ಟುಕೊಂಡು. ಇನ್ನೊಂದು ಕಡೆ ಕಟ್ಟಡ ಮುಗಿದೊಡನೆ ಶೆಡ್ಡು ಎದ್ದು ಬೇರೆ ಸೈಟಿಗೆ ಹೋಗುತ್ತದೆ, ಮಗುವಿನ ಶಾಲೆ ಅರ್ಧಕ್ಕೇ ಉಳಿಯುತ್ತದೆ. ಮನೆಯಲ್ಲಿ ಕಲಿಸುವುದು ಮೇಲೋ ಶಾಲೆ ಮೇಲೋ ಎಂಬುದು ಆಯ್ಕೆ ಇರುವವರ ಚರ್ಚೆ. ಕಾಡುಗೋಡಿಯ ಆ ಮನೆಯವರು ಮಾಡುತ್ತಿರುವುದು ಒಳ್ಳೆಯ ಕೆಲಸವೇ. ಮಕ್ಕಳು ತಮ್ಮ ಊರನ್ನು ಕಣ್ತೆರೆದು ನೋಡುತ್ತಿದ್ದಾರೆ. ಹಾಗೆ ನೋಡಿದ ಮಗು ಕೇಳಿದ ಪ್ರಶ್ನೆಗೆ ಉತ್ತರಿಸುವ ಹೊಣೆ ದೊಡ್ಡವರದು.

ನಿಮ್ಮ ಬೀದಿಯ ಶೆಡ್ಡಿನಲ್ಲಿ ಹಗಲು ಹೊತ್ತು ಅಂಥ ಮಗು ಕಂಡರೆ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯಶಿಕ್ಷಕರಿಗೆ ಹೇಳಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ವರ್ಷದ ಯಾವ ತಿಂಗಳಲ್ಲಿ ಬಂದರೂ, ಟಿಸಿ ಇಲ್ಲದಿದ್ದರೂ, ವಯಸ್ಸಿನ ದಾಖಲೆ ಇಲ್ಲದಿದ್ದರೂ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇಷ್ಟು ಮಾತ್ರ ಯಾವ ಗೊಂದಲವೂ ಇಲ್ಲದಂತೆ ಬರೆದಿದೆ.