ಶಾಮೊನಿ ಕಣಿವೆ: ಬೆಟ್ಟವನ್ನು ನಂಬಿ ಬದುಕಿದ ಜನ

ಯುರೋಪು ಖಂಡದ ಪ್ರವಾಸವೆಂದರೆ ಲಂಡನ್ನಿನ ಗಡಿಯಾರದ ಗೋಪುರ, ಪ್ಯಾರಿಸಿನ ಕಬ್ಬಿಣದ ಗೋಪುರ, ಕಟ್ಟಕಡೆಗೆ ಸ್ವಿಟ್ಜರ್ಲೆಂಡಿನ ಹಿಮದ ಮೇಲೆ ನಿಂತು ತೆಗೆಯಿಸಿಕೊಂಡ ಒಂದು ಪಟ, ಇಷ್ಟೇ ಎಂಬ ಭಾವನೆ ನಮ್ಮ ಪಟ್ಟಣವಾಸಿಗಳಲ್ಲಿ ಬೇರೂರಿದೆ. ಆಲ್ಪ್ಸ್ ಪರ್ವತವೆಂದರೆ ಸ್ವಿಟ್ಜರ್ಲೆಂಡೊಂದೇ ಎಂದು ತಿಳಿದವರೂ ಕಡಿಮೆಯಿಲ್ಲ. ಆದರೆ ಆ ಪರ್ವತಶ್ರೇಣಿಯ ಅತ್ಯುನ್ನತವಾದ ಶಿಖರವಿರುವುದು ಫ್ರಾನ್ಸ್ ಮತ್ತು ಇಟಲಿ ದೇಶಗಳ ಎಲ್ಲೆಯ ಮೇಲೆ. ಅದರ ಪಾದದಲ್ಲಿ, ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ, ಶಾಮೊನಿ ಎಂಬ ಕಣಿವೆಯಿದೆ. ಬೆಟ್ಟವೇರುವುದನ್ನು ಒಂದು ವಿದ್ಯೆಯನ್ನಾಗಿಯೂ ಒಂದು ಜೀವನೋಪಾಯವನ್ನಾಗಿಯೂ ಲೋಕಕ್ಕೆ ಕಲಿಸಿದವರಲ್ಲಿ ಈ ಕಣಿವೆಯವರು ಮೊದಲಿಗರು. ಹೊರಗಿನವರು ಬಂದು ತಮ್ಮ ಬೆಟ್ಟವನ್ನು ನೋಡಿಕೊಂಡು ಹೋಗಲಿ ಎಂದು ಸುಮ್ಮನಿರದೆ, ಆ ನೋಟದಿಂದ ಹುಟ್ಟುವ ಗಳಿಕೆಯೂ ಗೌರವವೂ ತಮ್ಮ ಮನೆಗಳಲ್ಲೇ ನಿಲ್ಲಬೇಕೆಂದು ಅವರು ಇನ್ನೂರು ವರ್ಷಗಳ ಹಿಂದೆಯೇ ಹಟಹಿಡಿದರು. ಈ ಕಣಿವೆಯನ್ನು ಕುರಿತು ಬರೆಯಲು ನಮಗೆ ಇದೇ ಮುಖ್ಯ ಕಾರಣ.

ಕಣಿವೆಯ ತಳದಲ್ಲಿ ಆರ್ವ್ ಎಂಬ ನದಿ ಹಿಮದ ಹಿಟ್ಟನ್ನು ಕಲಸಿದಂಥ ಬೂದಿಬಣ್ಣದಿಂದ ಹರಿಯುತ್ತದೆ. ಊರಿನ ಎತ್ತರ ಸಮುದ್ರಮಟ್ಟದಿಂದ 1,035 ಮೀಟರು. ತಲೆಯೆತ್ತಿ ನೋಡಿದರೆ ಮೌಂಟ್ ಬ್ಲಾಂಕ್, ಫ್ರೆಂಚರ ಬಾಯಲ್ಲಿ ಮೋಂ ಬ್ಲಾಂ, ಎಂದರೆ ಬಿಳಿಯ ಬೆಟ್ಟ, ಸುಮಾರು 4,807 ಮೀಟರು. ಶಿಖರದ ನೆತ್ತಿಯೆಲ್ಲ ಹಿಮವೇ ಆದ್ದರಿಂದ ಅಳತೆ ಮಾಡಿದಾಗಲೆಲ್ಲ ಒಂದೆರಡು ಮೀಟರು ಹೆಚ್ಚುಕಡಿಮೆ ಬರುತ್ತದೆ. ಊರಿಗೂ ಶಿಖರಕ್ಕೂ ನಡುವೆ ಮೂರು ಸಾವಿರದ ಏಳುನೂರು ಮೀಟರಿಗೂ ಮಿಕ್ಕಿದ ಏರು ಒಂದೇ ನೋಟಕ್ಕೆ ನಿಲ್ಲುವುದರಿಂದ, ಹಿಮಾಲಯವನ್ನು ಕಂಡವರಿಗೂ ಇಲ್ಲಿ ಕತ್ತು ನೋಯುವುದೆಂದು ಹೇಳಬಹುದು. ನಡುನಡುವೆ ಈಟಿಗಳನ್ನು ನಿಲ್ಲಿಸಿದಂತೆ ಕಗ್ಗಲ್ಲಿನ ಮೊನೆಗಳು. ಅವುಗಳನ್ನು ಅಲ್ಲಿಯವರು ಸೂಜಿಗಳೆಂದು ಕರೆಯುತ್ತಾರೆ.

ಆ ಸೂಜಿಗಳಲ್ಲಿ ಒಂದಕ್ಕೆ ‘ನಡುಹಗಲಿನ ಸೂಜಿ’ ಎಂದು ಹೆಸರು. ಏಗ್ವೀ ದ್ಯು ಮಿದಿ. ಊರಿನಿಂದ ನೋಡಿದರೆ ಮಧ್ಯಾಹ್ನದ ಸೂರ್ಯನು ಅದರ ತಲೆಯ ಮೇಲೆ ನಿಲ್ಲುವನೆಂಬ ಕಾರಣಕ್ಕೆ ಈ ಹೆಸರಂತೆ. 1955ರಲ್ಲಿ ಅದರ ತುದಿಯವರೆಗೆ ತಂತಿಯ ಮೇಲೆ ತೂಗುವ ಗಾಡಿಯನ್ನು ಕಟ್ಟಿದರು. ಎರಡು ಹಂತಗಳಲ್ಲಿ, ಸುಮಾರು ಇಪ್ಪತ್ತು ನಿಮಿಷಗಳಲ್ಲಿ, ಮನುಷ್ಯನು 3,842 ಮೀಟರಿನ ಎತ್ತರಕ್ಕೆ ಏರಿಬಿಡುತ್ತಾನೆ. ಕಾಲಿನಿಂದ ಏರಿದವನ ದೇಹವು ದಿನಗಳಲ್ಲಿ ಒಗ್ಗಿಕೊಳ್ಳುವ ತೆಳುಗಾಳಿಗೆ ಇಲ್ಲಿ ನಿಮಿಷಗಳಲ್ಲಿ ಸಿಕ್ಕಿಕೊಳ್ಳುವುದರಿಂದ ತಲೆಸುತ್ತು, ಏದುಸಿರು ಸಹಜ. ಹೃದ್ರೋಗವುಳ್ಳವರೂ ಎಳೆಯ ಮಕ್ಕಳನ್ನು ಕರೆದೊಯ್ಯುವವರೂ ವೈದ್ಯರನ್ನು ಕೇಳದೆ ಹೊರಡಕೂಡದು. ಇನ್ನೊಂದು ದಾರಿ 1909ರಿಂದ ಓಡುತ್ತಿರುವ ಹಲ್ಲುಕಂಬಿಯ ರೈಲು. ಐದು ಕಿಲೋಮೀಟರು ದೂರವನ್ನು ಕಾಡಿನ ನಡುವೆ ಕೆಂಪುಗಾಡಿಗಳಲ್ಲಿ ಏರಿ, 1,913 ಮೀಟರು ಎತ್ತರದ ಮೋಂತಾನ್ವೇರ್ ಎಂಬಲ್ಲಿ ಇಳಿದರೆ ಕೆಳಗೆ ಕಾಣುವುದೇ ‘ಹಿಮದ ಸಮುದ್ರ’ವೆಂಬ ಹಿಮನದಿ. ಪ್ರತಿವರ್ಷವೂ ಆ ಹಿಮದೊಳಗೆ ಒಂದು ಗುಹೆಯನ್ನು ಹೊಸದಾಗಿ ಕೊರೆಯುತ್ತಾರೆ. ಏಕೆಂದರೆ ಹಿಮವು ಹರಿಯುವ ವಸ್ತುವಾದ್ದರಿಂದ ಹೋದ ವರ್ಷದ ಗುಹೆ ಈ ವರ್ಷ ಇದ್ದಲ್ಲಿ ಇರುವುದಿಲ್ಲ.

ಗಾಡಿ ರೈಲುಗಳ ಹಂಗಿಲ್ಲದೆ ನಡೆಯಬಲ್ಲವರಿಗೆ ಕಣಿವೆಯ ಎದುರು ಮಗ್ಗುಲೇ ಲೇಸು. ಕೆಂಪುಸೂಜಿಗಳೆಂಬ ಆ ಸಾಲಿನಲ್ಲಿ 2,352 ಮೀಟರು ಎತ್ತರದಲ್ಲಿ ಬಿಳಿಗೊಳವೆಂಬ ಸರೋವರವಿದೆ. ಗಾಳಿಯಿಲ್ಲದ ಬೆಳಗಿನಲ್ಲಿ ಎದುರಿನ ಶಿಖರಗಳೆಲ್ಲವೂ ಅದರಲ್ಲಿ ತಲೆಕೆಳಗಾಗಿ ಕಾಣುತ್ತವೆ. 1974ರಿಂದ ಈ ಸಾಲು ರಕ್ಷಿತ ಪ್ರದೇಶವಾಗಿದೆ. ಹೂ ಕೀಳುವುದು ಅಪರಾಧ. ಹತ್ತು ದಿನ ಕೈಯಲ್ಲಿದ್ದು ಕಾಲುಗಳಲ್ಲಿ ಬಲವಿದ್ದವರು ಮೌಂಟ್ ಬ್ಲಾಂಕಿಗೆ ಪ್ರದಕ್ಷಿಣೆ ಹಾಕಬಹುದು. ಪ್ರದಕ್ಷಿಣೆಯೆಂಬ ಮಾತನ್ನು ನಾವು ಬೇಕೆಂದೇ ಬಳಸಿದ್ದೇವೆ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರು ದೇಶಗಳನ್ನು ತುಳಿದು ಸುಮಾರು 170 ಕಿಲೋಮೀಟರು ಸುತ್ತಿಬರುವ ಆ ನಡಿಗೆಯಲ್ಲಿ ಶಿಖರವನ್ನು ಮೆಟ್ಟುವ ಆಸೆಯಿಲ್ಲದಿರುವುದೇ ನಮ್ಮ ಗಿರಿಯಾತ್ರೆಗಳ ಸಂಸ್ಕಾರಕ್ಕೆ ಹತ್ತಿರವಾದದ್ದು. ಚಳಿಗಾಲದಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಆಟದವರದೇ ರಾಜ್ಯ. 1924ರ ಜನವರಿ 25ರಿಂದ ಫೆಬ್ರವರಿ 5ರವರೆಗೆ ಹದಿನಾರು ದೇಶಗಳವರು ಇಲ್ಲಿ ಸೇರಿ ಆಡಿದ ಚಳಿಗಾಲದ ಪಂದ್ಯಗಳಿಗೆ, ಎರಡು ವರ್ಷ ಕಳೆದ ಬಳಿಕ, ಮೊದಲನೆಯ ಚಳಿಗಾಲದ ಒಲಿಂಪಿಕ್ ಪಂದ್ಯಗಳೆಂಬ ಮನ್ನಣೆ ದೊರೆಯಿತು.

ಇಷ್ಟೆಲ್ಲ ಸಂಭ್ರಮದ ಈ ಊರು ಒಂದು ಕಾಲಕ್ಕೆ ದನಕುರಿಗಳನ್ನು ಮೇಯಿಸಿ, ಬಂಡೆಗಳ ಸಂದಿಯಲ್ಲಿ ಸ್ಫಟಿಕಗಳನ್ನು ಹುಡುಕಿ ಮಾರಿ ಹೊಟ್ಟೆ ಹೊರೆಯುತ್ತಿದ್ದ ಬಡವರ ಹಳ್ಳಿ. ಹಿಮನದಿಗಳು ಮುಂದೊತ್ತಿ ಹೊಲಮನೆಗಳನ್ನು ನುಂಗುತ್ತಿದ್ದ ಕಾಲದಲ್ಲಿ, 1644ರಲ್ಲಿ, ಪಾದ್ರಿಗಳು ಮೆರವಣಿಗೆಯಲ್ಲಿ ಹೋಗಿ ಹಿಮಕ್ಕೆ ಮಂತ್ರಜಲ ಪ್ರೋಕ್ಷಿಸಿ ಬಂದರೆಂದು ಚರಿತ್ರೆಯುಂಟು. 1741ರಲ್ಲಿ ವಿಂಡಂ ಮತ್ತು ಪೊಕಾಕ್ ಎಂಬ ಇಂಗ್ಲಿಷರು ಕಳ್ಳರ ನಾಡಿಗೆ ಹೋಗುವವರಂತೆ ಆಯುಧಪಾಣಿಗಳಾಗಿ ಇಲ್ಲಿಗೆ ಬಂದು, ಸಾಧುಜನರ ಆತಿಥ್ಯವುಂಡು, ಹಿಂದಿರುಗಿ ಹೋಗಿ ಬರೆದ ವೃತ್ತಾಂತದಿಂದ ಈ ಕಣಿವೆ ಹೊರಲೋಕಕ್ಕೆ ತಿಳಿಯಿತು. 1760ರಲ್ಲಿ ಜಿನೀವಾದ ವಿಜ್ಞಾನಿ ಸೊಸ್ಯೂರನು ಶಿಖರಕ್ಕೆ ದಾರಿ ಕಂಡುಹಿಡಿದವರಿಗೆ ಬಹುಮಾನ ಸಾರಿದನು. 1786ರ ಆಗಸ್ಟ್ 8ರಂದು ಅದನ್ನು ಏರಿದವರು ಈ ಊರಿನವರೇ ಆದ ಇಬ್ಬರು: ಸ್ಫಟಿಕ ಹುಡುಕುವ ಜಾಕ್ ಬಾಲ್ಮಾ ಮತ್ತು ಊರ ವೈದ್ಯ ಮಿಶೆಲ್ ಪಕ್ಕಾರ್. ಮುಂದೆ ನಡೆದದ್ದು ಮನುಷ್ಯಸ್ವಭಾವದ ಕಥೆ. ವೈದ್ಯನು ಸೋತು ಕುಳಿತಿದ್ದನು, ಬಾಲ್ಮಾ ಅವನನ್ನು ಎಳೆದೊಯ್ದನು ಎಂಬ ಸುದ್ದಿಯನ್ನು ಅಸೂಯಾಪರನಾದ ಲೇಖಕನೊಬ್ಬನು ಹಬ್ಬಿಸಿದನು. ಅದೇ ಸತ್ಯವಾಗಿ ನಿಂತಿತು. 1887ರಲ್ಲಿ ಊರ ನಡುವೆ ನಿಲ್ಲಿಸಿದ ವಿಗ್ರಹದಲ್ಲಿ ಬಾಲ್ಮಾನು ಸೊಸ್ಯೂರನಿಗೆ ಶಿಖರವನ್ನು ಬೆರಳಿನಿಂದ ತೋರಿಸುತ್ತಿದ್ದಾನೆ. ವೈದ್ಯನಿಗೆ ಅಲ್ಲಿ ಎಡೆಯೇ ಇಲ್ಲ. ಕಣಿವೆಯಿಂದ ದೂರದರ್ಶಕ ಹಿಡಿದು ಅಂದಿನ ಏರಾಟವನ್ನು ನೋಡಿದ್ದ ಜರ್ಮನ್ ಗೃಹಸ್ಥನೊಬ್ಬನ ಟಿಪ್ಪಣಿಗಳೇ ಮೊದಲಾದ ಸಾಕ್ಷ್ಯಗಳಿಂದ ನಿಜವು ಬಯಲಾಗಿ, ವೈದ್ಯನಿಗೊಂದು ವಿಗ್ರಹವಾಗುವಾಗ 1986ನೆಯ ಇಸವಿ ಬಂದಿತ್ತು. ಪತ್ರಿಕೆಯವರಾದ ನಾವು ಈ ಪ್ರಸಂಗವನ್ನು ಮರೆಯಬಾರದು: ಮೊದಲು ಅಚ್ಚಾದ ಸುಳ್ಳನ್ನು ತಿದ್ದಲು ಇನ್ನೂರು ವರ್ಷ ಬೇಕಾಯಿತು.

ಶಿಖರವೇರುವ ಹುಚ್ಚು ಹಬ್ಬಿದಂತೆ ಕಣಿವೆಯ ಯುವಕರು ಹೊರೆ ಹೊತ್ತು, ಹಿಮದಲ್ಲಿ ಮೆಟ್ಟಿಲು ಕಡಿದು, ಶ್ರೀಮಂತರನ್ನು ಮೇಲಕ್ಕೆ ಸಾಗಿಸುವ ಕೆಲಸಕ್ಕೆ ನಿಂತರು. 1820ರಲ್ಲಿ ಹ್ಯಾಮೆಲ್ ಎಂಬ ರಷ್ಯದ ವಿಜ್ಞಾನಿಯೊಡನೆ ಹೋದವರ ಮೇಲೆ ಹಿಮಪಾತವಾಗಿ ಮೂವರು ಮಾರ್ಗದರ್ಶಕರು ಬಿರುಕಿನಲ್ಲಿ ಬಿದ್ದು ಮಡಿದರು. ಸತ್ತವರ ಹೆಂಡಿರು ಮಕ್ಕಳಿಗೆ ಗತಿಯೇನು? ಈ ಪ್ರಶ್ನೆಗೆ ಉತ್ತರವಾಗಿ ಮರುವರ್ಷವೇ, 1821ರಲ್ಲಿ, ಶಾಮೊನಿಯ ಮಾರ್ಗದರ್ಶಕರ ಮಂಡಲಿ ಸ್ಥಾಪಿತವಾಯಿತು. ಕಣಿವೆಯವರಿಗೇ ಸದಸ್ಯತ್ವ, ಕೂಲಿಯ ದರ ಗೊತ್ತಾದದ್ದು, ಕೆಲಸ ಸರದಿಯ ಮೇಲೆ, ಗಳಿಕೆಯಲ್ಲಿ ಒಂದು ಭಾಗ ಗಾಯಗೊಂಡವರ ಮತ್ತು ಮಡಿದವರ ಕುಟುಂಬಗಳ ನಿಧಿಗೆ. ತಮಗೆ ಬೇಕಾದವನನ್ನು ಬೇಕಾದಂತೆ ಆರಿಸಿಕೊಳ್ಳಬೇಕೆಂದಿದ್ದ ಇಂಗ್ಲಿಷ್ ಗಿರಿವಿಹಾರಿಗಳು ಸರದಿಯ ಪದ್ಧತಿಯ ಮೇಲೆ ಬಹಳ ಕೋಪಗೊಂಡರು. ಅವರ ದೂರಿನಲ್ಲಿ ಸ್ವಲ್ಪ ನ್ಯಾಯವಿತ್ತೆಂದು ನಾವು ಒಪ್ಪುತ್ತೇವೆ. ಪ್ರಾಣಕ್ಕೆ ಸಂಬಂಧಿಸಿದ ಕೆಲಸದಲ್ಲಿ ನಿಪುಣನೂ ಅನನುಭವಿಯೂ ಸಮಾನರಲ್ಲ. ಆದರೂ ಸರದಿಯಿಲ್ಲದಿದ್ದರೆ ನಾಲ್ಕೇ ಮನೆಗಳು ಉದ್ಧಾರವಾಗಿ ಉಳಿದವರು ಹೇಸರಗತ್ತೆಗಳಂತೆ ಹೊರೆಹೊರುತ್ತ ಉಳಿಯುತ್ತಿದ್ದರೆಂಬುದೂ ಅಷ್ಟೇ ನಿಜ. ಮಂಡಲಿ ಇಂದಿಗೂ ಬಾಳಿದೆ. ಪ್ರತಿವರ್ಷ ಆಗಸ್ಟ್ ನಡುವೆ, ನಮ್ಮ ಸ್ವಾತಂತ್ರ್ಯದ ದಿನವಾದ 15ರಂದೇ, ಅವರ ಹಬ್ಬ ನಡೆಯುತ್ತದೆ. ಬೆಟ್ಟದಲ್ಲಿ ಮಡಿದವರ ಹೆಸರುಗಳನ್ನು ಗಟ್ಟಿಯಾಗಿ ಓದಿ, ಹಗ್ಗಗಳಿಗೂ ಹಿಮಗೊಡಲಿಗಳಿಗೂ ಪಾದ್ರಿಯಿಂದ ಆಶೀರ್ವಾದ ಮಾಡಿಸುತ್ತಾರೆ. ನಮ್ಮ ಆಯುಧಪೂಜೆಯನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು.

ನಮ್ಮ ಹಿಮಾಲಯದ ಹೊರೆಯಾಳುಗಳ ನೆನಪು ಇಲ್ಲಿ ಬಾರದಿರದು. 1950ರ ಜೂನ್ 3ರಂದು ಫ್ರೆಂಚರು ನೇಪಾಳದ ಅನ್ನಪೂರ್ಣೆಯನ್ನು ಏರಿದರು. ಎಂಟು ಸಾವಿರ ಮೀಟರಿಗೆ ಮೀರಿದ ಶಿಖರವನ್ನು ಮನುಷ್ಯನು ಮೆಟ್ಟಿದ್ದು ಅದೇ ಮೊದಲು. ಆ ತಂಡದ ಲಾಶೆನಾಲ್, ತೆರ್ರೇ, ರೆಬ್ಯುಫಾ ಮೂವರೂ ಶಾಮೊನಿಯ ಮಾರ್ಗದರ್ಶಕ ವೃತ್ತಿಯವರು. ಹಿಮಕಡಿತದಿಂದ ಕಾಲು ಕಳೆದುಕೊಂಡಂತಾಗಿದ್ದ ನಾಯಕ ಎರ್ಜೋಗನನ್ನೂ ಲಾಶೆನಾಲನನ್ನೂ ಮಳೆಕೆಸರಿನ ದಾರಿಯಲ್ಲಿ ಬೆನ್ನಮೇಲೆ ಹೊತ್ತು ಇಳಿಸಿದವರು ಷೆರ್ಪರೂ ಕೂಲಿಗಳೂ. ಅವರ ಹೆಸರುಗಳು ಎಷ್ಟು ಜನಕ್ಕೆ ಗೊತ್ತು? 1953ರಲ್ಲಿ ತೇನ್‌ಸಿಂಗರು ಎವರೆಸ್ಟನ್ನು ಏರಿದ ಮೇಲೆ, 1954ರಲ್ಲಿ ಡಾರ್ಜಿಲಿಂಗಿನಲ್ಲಿ ಪರ್ವತಾರೋಹಣದ ವಿದ್ಯಾಲಯವಾಯಿತು. 1965ರಲ್ಲಿ ಉತ್ತರಕಾಶಿಯಲ್ಲಿ ಇನ್ನೊಂದಾಯಿತು. ಇದು ಸಂತೋಷದ ವಿಷಯ. ಆದರೆ ಹೊರೆಹೊರುವವನು ಬಿದ್ದರೆ ಅವನ ಮನೆಯವರಿಗೆ ಅನ್ನವೆಲ್ಲಿಂದ ಎಂಬುದನ್ನು 1821ರಲ್ಲಿ ಆಲ್ಪ್ಸಿನ ಕುರಿಗಾಹಿಗಳು ಕೇಳಿಕೊಂಡಂತೆ ಹಿಮಾಲಯದ ಪ್ರತಿಯೊಂದು ಕಣಿವೆಯಲ್ಲಿಯೂ ಕೇಳಬೇಕಾದ ಕಾಲ ಇನ್ನೂ ಮುಗಿದಿಲ್ಲ.

ಭಾರತೀಯರಿಗೆ ಈ ಕಣಿವೆಯೊಡನೆ ಇನ್ನೊಂದು ದುಃಖದ ನಂಟಿದೆ. ಶಿಖರದಿಂದ ಕಣಿವೆಯತ್ತ ಕಡಿದಾಗಿ ಇಳಿಯುವ ಬೊಸ್ಸೋಂ ಹಿಮನದಿಯು ತಾನು ನುಂಗಿದ್ದನ್ನು ಮರಳಿಸುವ ಸ್ವಭಾವದ್ದು. 1820ರಲ್ಲಿ ಮಡಿದ ಮೂವರ ಅವಶೇಷಗಳು 1861ರಲ್ಲಿ ಅದರ ಬುಡದಲ್ಲಿ ದೊರೆತವು. ಹಿಮದ ನಡೆಯನ್ನು ಅಳೆದಿದ್ದ ಫೋರ್ಬ್ಸ್ ಎಂಬ ವಿದ್ವಾಂಸನು ಸುಮಾರು ನಲವತ್ತು ವರ್ಷಕ್ಕೆ ಹೀಗಾಗುವುದೆಂದು ಮುಂಚಿತವಾಗಿಯೇ ಹೇಳಿದ್ದನು. 1950ರ ನವೆಂಬರ್ 3ರಂದು ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ವಿಮಾನವು ಮೌಂಟ್ ಬ್ಲಾಂಕಿಗೆ ಬಡಿದು 48 ಜನ ತೀರಿಕೊಂಡರು. 1966ರ ಜನವರಿ 24ರಂದು ಅದೇ ಬೆಟ್ಟಕ್ಕೆ ‘ಕಾಂಚನಜಂಗಾ’ ವಿಮಾನವು ಬಡಿದು 117 ಜನ ಮಡಿದರು. ಅವರಲ್ಲಿ ಹೋಮಿ ಭಾಭಾ ಒಬ್ಬರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1939ರಿಂದ ಕೆಲಸಮಾಡಿ, 1945ರಲ್ಲಿ ಟಾಟಾ ಮೂಲವಿಜ್ಞಾನ ಸಂಸ್ಥೆಯನ್ನು ಮೊದಲು ಅದೇ ಊರಿನಲ್ಲಿ ಆರಂಭಿಸಿದ ಆ ಮಹನೀಯರನ್ನು ಕನ್ನಡನಾಡು ತನ್ನವರೆಂದೇ ಎಣಿಸಿದೆ. 2012ರಲ್ಲಿ ಹಿಮವು ಭಾರತ ಸರ್ಕಾರದ ಅಂಚೆಯ ಚೀಲವೊಂದನ್ನು ಹೊರಹಾಕಿತು. 2020ರಲ್ಲಿ ಅಂದಿನ ವೃತ್ತಪತ್ರಿಕೆಗಳು ಸಿಕ್ಕಿದವು. ಇಂದಿರಾ ಗಾಂಧಿಯವರು ಪ್ರಧಾನಿಯಾಗಿ ಆರಿಸಲ್ಪಟ್ಟ ಸುದ್ದಿಯು, ಐವತ್ತನಾಲ್ಕು ವರ್ಷ ಹಿಮದಲ್ಲಿದ್ದೂ, ಓದುವಂತೆಯೇ ಇತ್ತು.

ಹಿಮವು ಹೀಗೆ ಒಪ್ಪಿಸುತ್ತಿರುವುದರಲ್ಲಿ ಅದರ ಹರಿವಿನ ಪಾತ್ರವೂ ಉಂಟು, ಕರಗುವಿಕೆಯ ಪಾತ್ರವೂ ಉಂಟು. ‘ಹಿಮದ ಸಮುದ್ರ’ವು 1850ರಿಂದೀಚೆಗೆ ಎರಡು ಕಿಲೋಮೀಟರಿಗೂ ಹೆಚ್ಚು ಹಿಂದೆಗೆದಿದೆ. 1988ರಲ್ಲಿ ತೂಗುಗಾಡಿಯಿಂದ ಇಳಿದವನು ಮೂರು ಹೆಜ್ಜೆಯಿಟ್ಟರೆ ಹಿಮವನ್ನು ಮುಟ್ಟುತ್ತಿದ್ದನು. ಆಮೇಲೆ ಮೆಟ್ಟಿಲುಗಳನ್ನು ಕಟ್ಟುತ್ತ ಕಟ್ಟುತ್ತ ಐನೂರಕ್ಕೂ ಮಿಕ್ಕವು. ಮೆಟ್ಟಿಲ ಸಾಲಿನಲ್ಲಿ ಇಂತಿಂಥ ವರ್ಷದಲ್ಲಿ ಹಿಮ ಇಲ್ಲಿಯವರೆಗಿತ್ತೆಂದು ಫಲಕಗಳನ್ನು ಹಾಕಿದ್ದಾರೆ. ಕೊನೆಗೆ 2024ರಲ್ಲಿ ಕಣಿವೆಯ ಇನ್ನಷ್ಟು ಮೇಲ್ಭಾಗಕ್ಕೆ ಹೊಸ ತೂಗುಗಾಡಿಯನ್ನು ಕಟ್ಟಬೇಕಾಯಿತು. ಪಾದ್ರಿಗಳು ಹಿಂದೆ ಸರಿಯೆಂದು ಬೇಡಿಕೊಂಡ ಹಿಮ ಈಗ ನಿಲ್ಲೆಂದರೂ ನಿಲ್ಲದಾಗಿದೆ.

ಊರಿನ ಸುಖವೂ ನಿಷ್ಕಂಟಕವಲ್ಲ. 1965ರಲ್ಲಿ ಬೆಟ್ಟದಡಿಯಲ್ಲಿ ಇಟಲಿಗೆ ತೆರೆದ 11.6 ಕಿಲೋಮೀಟರಿನ ಸುರಂಗದಲ್ಲಿ 1999ರ ಮಾರ್ಚಿಯಲ್ಲಿ ಬೆಂಕಿಯೆದ್ದು 39 ಜನ ಬಲಿಯಾದರು. ಸುರಂಗಕ್ಕೆ ಹೋಗುವ ಲಾರಿಗಳ ಹೊಗೆ ಕಣಿವೆಯಲ್ಲಿ ನಿಲ್ಲುತ್ತದೆ. ಹೊರಗಿನ ಹಣವಂತರು ವರ್ಷಕ್ಕೆ ನಾಲ್ಕು ವಾರ ಬಂದಿರಲು ಮನೆಗಳನ್ನು ಕೊಂಡುಕೊಂಡದ್ದರಿಂದ, ಮಾರ್ಗದರ್ಶಕನ ಮಗನಿಗೆ ತನ್ನ ಊರಿನಲ್ಲೇ ಸೂರು ಸಿಗದಾಯಿತು. 2025ರಲ್ಲಿ ಪುರಸಭೆಯು ಇಂಥ ಹೊಸ ವಿಹಾರಗೃಹಗಳನ್ನು ಕಟ್ಟಕೂಡದೆಂದು ನಿಯಮ ಮಾಡಿತು. ಮಂಡಲಿಯನ್ನು ಕಟ್ಟಿದವರ ಮೊಮ್ಮಕ್ಕಳಿಗೆ ತಕ್ಕ ಧೈರ್ಯವೆಂದು ನಾವು ಇದನ್ನು ಮೆಚ್ಚುತ್ತೇವೆ. ಬೆಟ್ಟವೇರುವವರಿಗೂ ಅಂಕೆಯುಂಟು: 2019ರಿಂದ ಸಾಮಾನ್ಯ ದಾರಿಯಲ್ಲಿ ಶಿಖರಕ್ಕೆ ಹೋಗುವವರು ನಡುವಣ ತಂಗುಮನೆಯಲ್ಲಿ ಮುಂಗಡವಾಗಿ ಸ್ಥಳ ಗೊತ್ತುಮಾಡಿಕೊಂಡೇ ಹೊರಡತಕ್ಕದ್ದು.

ಹೋಗಬೇಕೆಂದಿರುವವರು ವಿಮಾನದಲ್ಲಿ ಜಿನೀವಾದವರೆಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಒಂದೂವರೆ ಎರಡು ಗಂಟೆಗಳಲ್ಲಿ ಕಣಿವೆಯನ್ನು ಸೇರಬಹುದು. ನಡಿಗೆಗೆ ಜೂನ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಒಳ್ಳೆಯ ಕಾಲ. ಅದಕ್ಕೆ ಮೊದಲು ಎತ್ತರದ ದಾರಿಗಳಲ್ಲಿ ಹಿಮ ಉಳಿದಿರುತ್ತದೆ. ಮಧ್ಯಾಹ್ನದ ಮೇಲೆ ಗುಡುಗುಮಳೆ ಬರುವುದು ವಾಡಿಕೆಯಾದ್ದರಿಂದ ಬೆಳಗಿನ ಮೊದಲ ಗಾಡಿಯನ್ನೇ ಹಿಡಿಯಬೇಕು. ಹಿಮನದಿಯ ಮೇಲೆ ಕಾಲಿಡುವುದಾದರೆ ಮಂಡಲಿಯವನೊಬ್ಬನನ್ನು ಜೊತೆಗಿಟ್ಟುಕೊಂಡೇ ಇಡಬೇಕು. ಅಲ್ಲಿ ಕೂಲಿ ಉಳಿಸಲು ಹೋಗುವುದು ಜಾಣತನವಲ್ಲ.