ಕಡಲಂಚಿನ ಚಪ್ಪರದಲ್ಲಿ ಅಲ್ಬರಿನ್ಯೋ

ಸೆಪ್ಟೆಂಬರಿನ ಬೆಳಗು. ಸ್ಪೇನಿನ ವಾಯವ್ಯ ಮೂಲೆಯಲ್ಲಿರುವ ಗಲೀಸಿಯಾದ ಕರಾವಳಿಯಲ್ಲಿ ಮಂಜು ಇನ್ನೂ ಪೂರ್ತಿ ಕರಗಿಲ್ಲ. ಕಾಂಬಾದೋಸ್ ಊರಾಚೆಯ ದ್ರಾಕ್ಷಿ ಚಪ್ಪರಗಳ ಕೆಳಗೆ ಆಗಲೇ ಕೊಯ್ಲಿನ ಗಡಿಬಿಡಿ. ಹೆಂಗಸರು ಗಂಡಸರೆಲ್ಲ ಕತ್ತೆತ್ತಿ, ಕೈ ಚಾಚಿ, ಕತ್ತರಿಯಿಂದ ಗೊಂಚಲು ಬಿಡಿಸುತ್ತಿದ್ದಾರೆ. ಎಲೆಯ ಮೇಲೆ ಉಳಿದಿದ್ದ ರಾತ್ರಿಯ ಮಳೆನೀರು ಅವರ ಕುತ್ತಿಗೆಗೆ, ತೋಳಿಗೆ ತೊಟ್ಟಿಕ್ಕುತ್ತಿದೆ. ಕ್ರೇಟು ತುಂಬುತ್ತಿರುವುದು ಹಸಿರಿಗೆ ಹೊಂಬಣ್ಣ ತಿರುಗಿದ, ದಪ್ಪ ಸಿಪ್ಪೆಯ ಪುಟ್ಟ ಹಣ್ಣು. ಹೆಸರು ಅಲ್ಬರಿನ್ಯೋ. ಇದರಿಂದ ಆಗುವ ಬಿಳಿ ವೈನಿಗೂ ಅದೇ ಹೆಸರು.

ಇಲ್ಲಿ ಕಡಲು ಹಳೆಯ ನದಿಕಣಿವೆಗಳೊಳಗೆ ನುಗ್ಗಿ ಮೈಲಿಗಟ್ಟಲೆ ಒಳಗೆ ಬಂದಿದೆ. ಇಂಥ ಕೊಲ್ಲಿಗಳನ್ನು ಸ್ಥಳೀಯರು ‘ರಿಯಾ’ ಎನ್ನುತ್ತಾರೆ. ಈ ಸೀಮೆಗೆ ರಿಯಾಸ್ ಬೈಶಾಸ್ ಎಂಬ ಹೆಸರಿನಲ್ಲಿ ಅಧಿಕೃತ ವೈನ್ ಪ್ರದೇಶದ ಮಾನ್ಯತೆ ಸಿಕ್ಕಿದ್ದು 1988ರಲ್ಲಿ. ಅದರ ಐದು ಉಪವಲಯಗಳಲ್ಲಿ ಕಡಲಿಗೆ ತೀರ ಹತ್ತಿರದ್ದು ಸಾಲ್ನೆಸ್ ಕಣಿವೆ. ಕಾಂಬಾದೋಸ್ ಇರುವುದು ಅಲ್ಲೇ.

ವರ್ಷಕ್ಕೆ ಸುಮಾರು 1600 ಮಿಲಿಮೀಟರ್ ಮಳೆ ಸುರಿಯುವ ನೆಲ ಇದು. ದ್ರಾಕ್ಷಿಗೆ ತೇವವೆಂದರೆ ಬೂಜು ರೋಗಕ್ಕೆ ಆಹ್ವಾನ. ಅದಕ್ಕೇ ಇಲ್ಲಿನ ರೈತರು ಬಳ್ಳಿಯನ್ನು ನೆಲದಿಂದ ಮೇಲಕ್ಕೆತ್ತಿದರು. ಗ್ರಾನೈಟ್ ಕಂಬ ನಿಲ್ಲಿಸಿ, ತಂತಿ ಎಳೆದು, ಆಳೆತ್ತರಕ್ಕೆ ಬಳ್ಳಿ ಹಬ್ಬಿಸಿದರು. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಲ್ಲುಕಂಬದ ದ್ರಾಕ್ಷಿ ತೋಟಗಳನ್ನು ಕಂಡವರಿಗೆ ಈ ಚಪ್ಪರ ಹೊಸದೆನಿಸದು. ಅಡಿಯಲ್ಲಿ ಕಡಲಗಾಳಿ ಸರಾಗವಾಗಿ ಹಾದು ಗೊಂಚಲನ್ನು ಒಣಗಿಸುತ್ತದೆ. ಗ್ರಾನೈಟ್ ಸವೆದು ಆದ ಮರಳುಮಣ್ಣು ನೀರು ನಿಲ್ಲಗೊಡುವುದಿಲ್ಲ. ಹಿಡುವಳಿಗಳು ಅಂಗೈಯಗಲ, ಹಾಗಾಗಿ ಹಿಂದೆಲ್ಲ ಅದೇ ನೆರಳಿನಲ್ಲಿ ಆಲೂಗಡ್ಡೆ, ಕೋಸು ಬೆಳೆದು ಮನೆ ನಡೆಸುತ್ತಿದ್ದರು.

ತಂಪು ಹವೆಯಲ್ಲಿ ನಿಧಾನವಾಗಿ ಮಾಗುವುದರಿಂದ ಹಣ್ಣು ತನ್ನ ಹುಳಿ ಬಿಟ್ಟುಕೊಡುವುದಿಲ್ಲ. ರಸವನ್ನು ಸ್ಟೀಲ್ ತೊಟ್ಟಿಗಳಲ್ಲಿ ತಣ್ಣಗೆ ಹುದುಗಿಸುತ್ತಾರೆ. ಲೋಟಕ್ಕೆ ಬಗ್ಗಿಸಿದರೆ ತಿಳಿ ಹಳದಿ, ಅಂಚಿನಲ್ಲಿ ಎಳೆಹಸಿರು. ಮೂಗಿಗೆ ನಿಂಬೆಸಿಪ್ಪೆ, ಪೀಚ್ ಹಣ್ಣಿನ ಘಮ. ನಾಲಿಗೆಯ ಮೇಲೆ ಚುರುಕಾದ ಹುಳಿ. ಗುಟುಕು ಇಳಿದ ಮೇಲೆ ಸಣ್ಣಗೆ ಉಪ್ಪಿನ ನೆನಪು.

ಆ ಉಪ್ಪಿಗೆ ಜೋಡಿ ಎದುರಿನ ನೀರಿನಲ್ಲೇ ಇದೆ. ಅರೋಸಾ ಕೊಲ್ಲಿಯ ತುಂಬ ನೀಲಗಿರಿ ಮರದ ತೊಲೆಗಳ ತೆಪ್ಪಗಳು ಸಾಲುಗಟ್ಟಿ ತೇಲುತ್ತಿವೆ. ಒಂದೊಂದರಿಂದಲೂ ನೂರಾರು ಹಗ್ಗ ನೀರಿಗೆ ಇಳಿಬಿದ್ದಿವೆ. ಹಗ್ಗದ ತುಂಬ ಕಪ್ಪು ಚಿಪ್ಪಿನ ಮಸೆಲ್. ಸಾಗರದ ಆಳದಿಂದ ಉಕ್ಕಿಬರುವ ತಣ್ಣೀರು ತರುವ ಪೋಷಕಾಂಶದಿಂದ ಇಲ್ಲಿನ ಚಿಪ್ಪು ಮಾಂಸ ಕೊಬ್ಬುತ್ತದೆ.

ಮಧ್ಯಾಹ್ನ ಬಂದರಿನ ಹೋಟೆಲಿನ ಮೇಜಿನ ಮೇಲೆ ಕಡಲೇ ಬಂದು ಕೂತಿರುತ್ತದೆ. ಹಬೆಯಲ್ಲಿ ಬಾಯಿಬಿಟ್ಟ ಮಸೆಲ್, ಮೇಲೆ ಹಿಂಡಲು ನಿಂಬೆಹೋಳು. ಅಲೆ ಅಪ್ಪಳಿಸುವ ಬಂಡೆಗಳಿಂದ ಜೀವ ಪಣಕ್ಕಿಟ್ಟು ಕೆರೆದು ತಂದ ಪೆರ್ಸೆಬೆಸ್ ಎಂಬ ಕಡಲಜೀವಿ, ಉಪ್ಪುನೀರಿನಲ್ಲಿ ಕ್ಷಣಕಾಲ ಕುದಿಸಿದ್ದು. ಮೆತ್ತಗೆ ಬೇಯಿಸಿ, ಕತ್ತರಿಯಿಂದ ಬಿಲ್ಲೆ ಮಾಡಿ, ಆಲಿವ್ ಎಣ್ಣೆ, ಕಲ್ಲುಪ್ಪು, ಕೆಂಪು ಮೆಣಸಿನಪುಡಿ ಉದುರಿಸಿ ಮರದ ತಟ್ಟೆಯಲ್ಲಿಟ್ಟ ಆಕ್ಟೋಪಸ್. ಎಣ್ಣೆಯಲ್ಲಿ ಬಾಡಿಸಿದ ಪಾದ್ರೋನ್ ಹಸಿಮೆಣಸಿನಕಾಯಿ. ಹೆಚ್ಚಿನವು ಸಪ್ಪೆ, ಅಲ್ಲೊಂದು ಇಲ್ಲೊಂದು ಚುರುಗುಟ್ಟುತ್ತದೆ. ಎಣ್ಣೆಯ ಜಿಡ್ಡನ್ನು ವೈನಿನ ಹುಳಿ ತೊಳೆಯುತ್ತದೆ, ಚಿಪ್ಪಿನ ಸಿಹಿಯನ್ನು ಎತ್ತಿ ತೋರಿಸುತ್ತದೆ. ಮಾಂಸ ತಿನ್ನದವರಿಗೆ ತೆತಿಯಾ ಎಂಬ ಮೃದುವಾದ ಹಸುವಿನ ಹಾಲಿನ ಚೀಸ್ ಇದ್ದೇ ಇದೆ.

ಆಗಸ್ಟ್ ಬಂದರೆ ಇಡೀ ಊರು ಬೀದಿಗಿಳಿಯುತ್ತದೆ. 1953ರಲ್ಲಿ ಶುರುವಾದ ಅಲ್ಬರಿನ್ಯೋ ಹಬ್ಬ ಆ ತಿಂಗಳ ಮೊದಲ ಭಾನುವಾರಕ್ಕೆ ಕಳೆಕಟ್ಟುತ್ತದೆ.

ಹೆಚ್ಚಿನ ಅಲ್ಬರಿನ್ಯೋ ಎಳೆಯದಿದ್ದಾಗಲೇ ಚೆನ್ನ. ಕೊಳ್ಳುವವರು ಶೀಷೆಯ ಮೇಲಿನ ಕೊಯ್ಲಿನ ವರ್ಷ ನೋಡಿಕೊಳ್ಳಿ; 8ರಿಂದ 10 ಡಿಗ್ರಿಗೆ ತಣಿಸಿ. ಪಕ್ಕದಲ್ಲಿ ಕಡಲಿನ ಊಟವೊಂದು ಇರಲೇಬೇಕು. ಮಳೆ, ಗ್ರಾನೈಟ್, ಉಪ್ಪುಗಾಳಿ ಸೇರಿ ಮಾಡಿದ ಈ ವೈನಿಗೆ ಮೀನಿನ ತಟ್ಟೆಗಿಂತ ಒಳ್ಳೆಯ ಸಂಗಾತಿ ಇನ್ನೊಂದಿಲ್ಲ.