ಮುಂದಿನ ನಂಬರು ಯಾರದು?

ಚಿಂತಾಮಣಿಯ ಸಮೀಪದ ಅಂಬಾಜಿದುರ್ಗದ ಬೆಟ್ಟ ಒಂದು ಹೋಬಳಿಗೆ ತನ್ನ ಹೆಸರನ್ನಿತ್ತಿದೆ. ಆ ಹೋಬಳಿಯಲ್ಲಿ ‘ಸರ್ವೆ ನಂಬರು 12’ ಎಂದಷ್ಟೇ ಹೇಳಿ ಹೊಲವನ್ನು ಹುಡುಕಹೊರಟರೆ ಸಿಕ್ಕದು. ಊರೂರಿಗೂ ಎಣಿಕೆ ಒಂದರಿಂದಲೇ ಆರಂಭವಷ್ಟೆ! ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಇವೆಲ್ಲ ಕೂಡಿದಾಗಲೇ ಜಮೀನಿಗೆ ಎರಡನೆಯದಿಲ್ಲದ ಗುರುತು.

ನೆಲವೇನೋ ಇದ್ದಲ್ಲೇ ಇರುತ್ತದೆ. ತೊಡಕಿರುವುದು ಖಾತೆ ಬದಲಾವಣೆಯ ಅರ್ಜಿಗಳಲ್ಲಿ. ಶಾನುಭೋಗರ ಕಾಲದಲ್ಲಿ ಪುಸ್ತಕವೂ ಒಂದೇ, ಲೇಖನಿಯೂ ಒಂದೇ. ಕೊನೆಯ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಮುಗಿಯಿತು. 2000ದ ಸುಮಾರಿಗೆ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೇರಿಸಿತು. ಮೊದಲು ಬಂದ ಅರ್ಜಿ ಮೊದಲು ತೀರ್ಮಾನವಾಗಬೇಕೆಂಬುದು ಅದರ ಕಟ್ಟಳೆ. ಆ ಸರದಿಗೆ ಸಂಖ್ಯೆಯೇ ಸಾಕ್ಷಿ.

ಈಗ ಊಹಿಸಿ: ಕಚೇರಿಯಲ್ಲಿ ಎರಡು ಕಿಂಡಿಗಳು. ಒಂದರಲ್ಲಿ ತಂದೆಯನ್ನು ಕಳೆದುಕೊಂಡು ಪೌತಿ ಖಾತೆಗೆ ಬಂದ ಮಗ; ಇನ್ನೊಂದರಲ್ಲಿ ಎರಡೆಕರೆ ಕ್ರಯಕ್ಕೆ ಪಡೆದವರು. ಕೊನೆಯ ಸಂಖ್ಯೆ 417. ಎರಡು ಯಂತ್ರಗಳೂ ಒಂದೇ ಕ್ಷಣದಲ್ಲಿ ಅದನ್ನೋದಿ, ಒಂದನ್ನು ಕೂಡಿಸಿ, ಇಬ್ಬರಿಗೂ 418 ಎಂದು ಬರೆದುಕೊಟ್ಟರೆ? ನಾಳೆ 418ರ ಮೇಲೆ ಹೊರಡುವ ಆದೇಶ ಯಾರ ಹೊಲವನ್ನು ಯಾರಿಗೆ ಸೇರಿಸೀತು?

ಯಂತ್ರವೇನೂ ಮೂಢವಲ್ಲ. ಒಂದೇ ಸಂಖ್ಯೆ ಎರಡು ಬಾರಿ ಬಾರದಂತೆ ಕಡತಕ್ಕೆ ನಿರ್ಬಂಧ ವಿಧಿಸಿದ್ದರೆ ಎರಡನೆಯ 418 ಬಾಗಿಲಲ್ಲೇ ತಿರಸ್ಕೃತ. ಆದರೆ ತಿರಸ್ಕೃತನಾದವನಿಗೆ ಬೇರೆ ಸಂಖ್ಯೆ ಬೇಕಲ್ಲ! ಒಬ್ಬನ ಕೆಲಸ ಮುಗಿಯುವವರೆಗೆ ಎಣಿಕೆಗೆ ಬೀಗ ಹಾಕಬಹುದು. ಆಗ ಉಳಿದವರೆಲ್ಲ ಕಾಯಬೇಕು. ನೂರರ ರಸೀದಿ ಪುಸ್ತಕಗಳಂತೆ ಕಿಂಡಿಗೊಂದು ಕಟ್ಟು ಹಂಚಬಹುದು; ಆಗ ಮಧ್ಯಾಹ್ನದ 450ಕ್ಕಿಂತ ಬೆಳಗಿನ 501 ಹಿಂದೆ ಬಿದ್ದು ಸರದಿಯೇ ಕೆಡುತ್ತದೆ. ಪೋಸ್ಟ್‌ಗ್ರೆಸ್ ಮೊದಲಾದ ದತ್ತಾಂಶ ವ್ಯವಸ್ಥೆಗಳು ಮೂರನೆಯ ದಾರಿ ಹಿಡಿದಿವೆ. ಕೇಳಿದವರಿಗೆ ತಡವಿಲ್ಲದೆ ಮುಂದಿನ ಸಂಖ್ಯೆ. ಕೊಟ್ಟದ್ದನ್ನು ಮರಳಿ ಪಡೆಯುವುದಿಲ್ಲ. ಕೆಲಸ ನಡುವೆ ರದ್ದಾದರೆ ಆ ಸಂಖ್ಯೆ ಖಾಲಿಯೇ ಉಳಿಯುತ್ತದೆ.

ಲೆಕ್ಕ ತಪಾಸಣೆಯವರು ಸುಮ್ಮನಿರುವರೆ? “419 ಎಲ್ಲಿ?” ಎನ್ನುತ್ತಾರೆ. ಹರಿದ ಹಾಳೆಯನ್ನು ಕಂಡಷ್ಟೇ ಸಂಶಯ! ಆದ್ದರಿಂದ ಎರಡು ಸಂಖ್ಯೆಗಳಿರುವುದೇ ಲೇಸೆಂದು ನನಗೆ ತೋರುತ್ತದೆ: ಯಂತ್ರದ ಒಳಗುಟ್ಟಿಗೊಂದು, ಅದರಲ್ಲಿ ಖಾಲಿ ಬಿದ್ದರೂ ಬಾಧೆಯಿಲ್ಲ, ರೈತನ ಕೈಗೆ ಇನ್ನೊಂದು, ಅರ್ಜಿ ಪೂರ್ತಿ ದಾಖಲಾಗುವ ಆ ಒಂದು ಗಳಿಗೆ ಮಾತ್ರ ಬೀಗ ಹಾಕಿ ಕೊಡುವಂಥದು. ಆಮೇಲೆ ಅರ್ಜಿ ಬಿದ್ದುಹೋದರೂ ಸಾಲನ್ನು ಅಳಿಸದೆ, ಹಳೆಯ ಪುಸ್ತಕದಲ್ಲಿ ಗೀಟೆಳೆಯುತ್ತಿದ್ದಂತೆ, ಅದರ ಮುಂದೆ ‘ರದ್ದು’ ಎಂದು ಬರೆದಿಟ್ಟರಾಯಿತು.